ನೆಲೆ ಮತ್ತು ನೋಟ: ರುಮಾಲೆ ಚನ್ನಬಸವಯ್ಯನವರ ಭೂದೃಶ್ಯಗಳು

ಮಲೆನಾಡಿನ ದೀವರ ಮಹಿಳೆಯರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದಲ್ಲಿ ಸುತ್ತಲಿನ ನೆಲವು ದೂರದ ನೋಟವಾಗಿ ಬರುವುದಿಲ್ಲ. ಕೆಮ್ಮಣ್ಣು, ಅಕ್ಕಿಯ ಬಿಳುಪು, ಹುರಿದು ಕಪ್ಪಾಗಿಸಿದ ಅಕ್ಕಿ, ಪುಂಡಿನಾರಿನ ಕುಂಚ ಇವುಗಳ ರೂಪದಲ್ಲಿ ಅದು ಮನೆಯೊಳಗೇ ಬಂದು ಸೇರುತ್ತದೆ. ನೆಲದೊಳಗೆ ಬಾಳುವವರಿಗೆ ನೆಲವನ್ನು ಎದುರಿಗಿಟ್ಟುಕೊಂಡು ನೋಡುವ ಅಗತ್ಯ ಬೀಳುವುದಿಲ್ಲ. ಭೂದೃಶ್ಯ ಚಿತ್ರವು ನೆಲದಿಂದ ಒಂದು ಹೆಜ್ಜೆ ಹೊರಗೆ ನಿಂತವರ ಕಲೆ ಎಂಬ ವಾದಕ್ಕೆ ಇದರಿಂದ ಬಲ ಬರುತ್ತದೆ. ಆದರೆ ರುಮಾಲೆ ಚನ್ನಬಸವಯ್ಯನವರ (1910–1988) ಬೆಂಗಳೂರಿನ ಚಿತ್ರಗಳ ಮುಂದೆ ಈ ವಾದ ಪೂರ್ತಿಯಾಗಿ ನಿಲ್ಲಲಾರದು.

ದೊಡ್ಡಬಳ್ಳಾಪುರದವರಾದ ರುಮಾಲೆ ಸ್ವಾತಂತ್ರ್ಯ ಹೋರಾಟಗಾರರು. 'ತಾಯಿನಾಡು' ಪತ್ರಿಕೆಯ ಸಂಪಾದಕರಾಗಿದ್ದವರು. ಸಾರ್ವಜನಿಕ ಜೀವನದಿಂದ ಹಿಂದೆ ಸರಿದು ಚಿತ್ರಕಲೆಗೆ ಮರಳಿದ ಅವರನ್ನು ಜಲವರ್ಣ ಮತ್ತು ತೈಲವರ್ಣಗಳಲ್ಲಿ ಬಹುವಾಗಿ ಸೆಳೆದದ್ದು ಬೆಂಗಳೂರಿನ ಹೂಮರಗಳು. ಇವುಗಳಲ್ಲಿ ಅನೇಕವು ಈ ನೆಲದವಲ್ಲ. ಗುಲ್‌ಮೊಹರ್ ಮಡಗಾಸ್ಕರ್‌ನದು, ಜಕರಾಂಡ ದಕ್ಷಿಣ ಅಮೆರಿಕದ್ದು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಜಿ. ಎಚ್. ಕೃಂಬಿಗಲ್ ಅವರು, ಒಂದರ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಯೋಜಿಸಿದರು. ಹೀಗೆ ಹೊರಗಿನಿಂದ ತಂದು ನೆಟ್ಟ ಸಾಲುಮರಗಳು ಸ್ವದೇಶಿ ಹೋರಾಟದಲ್ಲಿ ಬೆಳೆದ ಚಿತ್ರಕಾರನಿಗೆ ಸ್ವಂತ ಊರಿನ ಗುರುತಾದದ್ದು ಹೇಗೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಜನಪದರ ತಿಳಿವಳಿಕೆಯಲ್ಲಿ ಮರವೊಂದು ಊರಿನದಾಗುವುದು ಹುಟ್ಟಿನಿಂದಲ್ಲ, ಬಳಕೆಯಿಂದ. ಹುಣಸೆಯ ಮೂಲ ಆಫ್ರಿಕ ಎಂದು ಸಸ್ಯಶಾಸ್ತ್ರ ಹೇಳಿದರೂ ನಮ್ಮ ಅಡುಗೆಮನೆ ಅದನ್ನು ಒಪ್ಪಲಿಕ್ಕಿಲ್ಲ! ಅರಳಿ-ಬೇವುಗಳಿಗೆ ಮದುವೆ ಮಾಡಿ ಕಟ್ಟೆ ಕಟ್ಟಿದಾಗ ಅವು ನೆಂಟರಾಗುತ್ತವೆ. ಗುಲ್‌ಮೊಹರ್‌ನ ಒಣಗಿದ ಕಾಯನ್ನು ಕತ್ತಿಯಾಗಿಸಿ ಆಡುವ ಮಕ್ಕಳ ಆಟದ ನೆನಪು 'ಕತ್ತಿಕಾಯಿ ಮರ' ಎಂಬ ಹೆಸರಿನಲ್ಲೇ ಉಳಿದಿದೆ. ಜಕರಾಂಡಕ್ಕೆ ಇಂಥ ಭಾಗ್ಯ ಅಷ್ಟಾಗಿ ಒದಗಲಿಲ್ಲ. ಅದಕ್ಕೆ ಕಟ್ಟೆಯಿಲ್ಲ, ಹರಕೆಯಿಲ್ಲ. ಹೆಸರೂ ಹೊರಗಿನದೇ.

ಬಳಕೆಯಿಂದ ಒಳಗಾಗದ ಇಂಥ ಮರಗಳನ್ನು ರುಮಾಲೆಯವರ ಕುಂಚ ಋತುವಿನ ಮೂಲಕ ಒಳಗಾಗಿಸುತ್ತದೆ. ಒತ್ತೊತ್ತಾದ ಬಣ್ಣದ ಸ್ಪರ್ಶಗಳಲ್ಲಿ ಮೂಡುವ ಹೂಗೊಂಚಲುಗಳು ಮರದ ಆಕಾರಕ್ಕಿಂತ ಅದು ಅರಳಿದ ದಿನಗಳನ್ನೇ ಹೆಚ್ಚು ಹೇಳುತ್ತವೆ. ಯಾವ ಬೀದಿಯಲ್ಲಿ ಯಾವ ತಿಂಗಳು ಯಾವ ಬಣ್ಣವೆಂದು ಬಲ್ಲವನು ಆ ಊರಿಗೆ ಪರಕೀಯನಲ್ಲ. ಹಬ್ಬದ ತಿಥಿ ಬಲ್ಲವನ ಹಾಗೆಯೇ ಅವನೂ ಒಳಗಿನವನು. ಮರಗಳು ಉರುಳಿ ರಸ್ತೆಗಳು ಅಗಲಗೊಂಡ ಮೇಲೆ ಈ ಕೃತಿಗಳನ್ನು ಕಳೆದುಹೋದ ಉದ್ಯಾನನಗರಿಯ ದಾಖಲೆಗಳೆಂದು ನೋಡುವ ರೂಢಿ ಬಂದಿದೆ. ದಾಖಲೆಗೆ ಛಾಯಾಚಿತ್ರ ಸಾಕು. ಚಿತ್ರಕಾರ ಸಾಧಿಸಿದ ನಂಟನ್ನು ಆ ಓದು ಕೈಬಿಡುತ್ತದೆ.

ಈ ನಂಟಿಗೂ ಒಂದು ಮಿತಿಯಿದೆ. ಹೂಮರಗಳ ಚಿತ್ರಗಳಲ್ಲಿ ಕಾಣುವುದು ಉದ್ಯಾನ ಮತ್ತು ಅಗಲ ಬೀದಿಗಳ ಬೆಂಗಳೂರು. ಇಕ್ಕಟ್ಟು ಓಣಿಗಳ ಪೇಟೆಯಲ್ಲ. ಕಬ್ಬನ್ ಪಾರ್ಕಿನಲ್ಲಿ ಗುಲ್‌ಮೊಹರ್ ಕೆಂಪೇರುವ ದಿನಗಳಲ್ಲೇ, ಚೈತ್ರದ ಹುಣ್ಣಿಮೆಯ ರಾತ್ರಿ, ಧರ್ಮರಾಯನ ಗುಡಿಯಿಂದ ಹೊರಡುವ ಕರಗವು ಪೇಟೆಯ ಬೀದಿಗಳನ್ನು ನಡೆದು ತನ್ನದಾಗಿಸಿಕೊಳ್ಳುತ್ತದೆ. ಅಲ್ಲಿ ಊರು ನೋಟವಲ್ಲ, ಹಾದಿ. ರುಮಾಲೆಯವರ ಭೂದೃಶ್ಯಗಳನ್ನು ಆ ಹಾದಿಯ ಪಕ್ಕದಲ್ಲಿಟ್ಟೇ ಓದಬೇಕಾಗುತ್ತದೆ.