ಕಿಟಕಿಗೆ ಕಾಸು, ಕೈಗೆ ಚಿಪ್ಪು

ಮನೆಯಲ್ಲೇ ವಿಮಾನದ ಕಾಕ್‌ಪಿಟ್ ಕಟ್ಟೋ ವಿಡಿಯೋಗಳನ್ನ ಒಂದು ಹತ್ತು ನೋಡಿ, ಎಲ್ಲವೂ ಒಂದೇ ಅಚ್ಚಿನವು. ಮೊದಲು ಮೂರು ಮಾನಿಟರ್ ಸಾಲಾಗಿ ಬರುತ್ತವೆ. ಆಮೇಲೆ ಪ್ಲೈವುಡ್ ಫಲಕ, ಅದಕ್ಕೆ ಬೂದು ಬಣ್ಣ, ಹಿಂದಿನಿಂದ ಬೆಳಗೋ ಅಕ್ಷರಗಳು, ಬೋಯಿಂಗ್ 737ರಲ್ಲಿ ಇರೋವಷ್ಟೂ ಸ್ವಿಚ್ಚುಗಳು. ಎಲ್ಲ ಮುಗಿದ ಮೇಲೆ ಉಳಿದ ಚಿಲ್ಲರೆಯಲ್ಲಿ ಒಂದು ಪ್ಲಾಸ್ಟಿಕ್ ಜಾಯ್‌ಸ್ಟಿಕ್. ಶೀರ್ಷಿಕೆಯಲ್ಲಿ ಮಾತ್ರ 'ಕಡಿಮೆ ಬಜೆಟ್' ಅಂತ ಇರುತ್ತೆ. ಎಷ್ಟು ಖರ್ಚು ಮಾಡಿದರು ಅನ್ನೋದು ಅವರವರ ಜೇಬಿಗೆ ಬಿಟ್ಟಿದ್ದು, ನನ್ನ ತಕರಾರು ಇರೋದು ಯಾವುದಕ್ಕೆ ಮೊದಲು ಖರ್ಚು ಮಾಡಿದರು ಅನ್ನೋದರ ಬಗ್ಗೆ.

ಈ ರುಚಿ ಹತ್ತಿಸಿದ್ದರಲ್ಲಿ 2020ರ ಆಗಸ್ಟ್‌ನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ ಪಾಲು ದೊಡ್ಡದು. ಫ್ರಾನ್ಸ್‌ನ ಅಸೋಬೋ ಸ್ಟುಡಿಯೋದವರು ಮಾಡಿದ್ದು. ಎರಡು ಪೆಟಾಬೈಟ್‌ಗೂ ಮೀರಿದ ನಕ್ಷೆ, ಚಿತ್ರಗಳೆಲ್ಲ ಎಲ್ಲೋ ಸರ್ವರ್‌ನಲ್ಲಿ ಕೂತಿರುತ್ತವೆ, ನೀವು ಹಾರಿದ ಕಡೆಯ ನೆಲ ಇಂಟರ್ನೆಟ್‌ನಲ್ಲಿ ಇಳಿದು ಬರುತ್ತೆ. ಜಕ್ಕೂರಿನ ರನ್‌ವೇಯಿಂದ ಎದ್ದು ಅರ್ಧ ಗಂಟೆ ವಾಯುವ್ಯಕ್ಕೆ ಹೋದರೆ ನಮ್ಮೂರ ಕೆರೆ, ಅದರ ಏರಿ, ತೆಂಗಿನ ಸಾಲು ಗುರುತು ಸಿಗುತ್ತೆ. ವಿಮಾನ ಅಂದ್ರೆ ಹೊಲದಲ್ಲಿ ನಿಂತು ಕತ್ತೆತ್ತಿ ನೋಡೋ ವಸ್ತು ಅಂತ ಬೆಳೆದವನಿಗೆ ಇದು ಸಣ್ಣ ಸಂಗತಿ ಏನಲ್ಲ. ಆದರೆ ಕಿಟಕಿ ಚೆನ್ನಾಗಿದ್ದಷ್ಟೂ ದುಡ್ಡೆಲ್ಲ ಕಿಟಕಿಗೇ ಸುರಿಯುತ್ತೆ. ದೊಡ್ಡ ಗ್ರಾಫಿಕ್ಸ್ ಕಾರ್ಡು, ಇನ್ನೊಂದು ಪರದೆ, ಅದಕ್ಕೊಂದು ಸ್ಟ್ಯಾಂಡು. ಸೀದಾ ಒಂದು ಮೋಡದೊಳಗೆ ನುಗ್ಗಿ ನೋಡಿ, ಮೂರೂ ಮಾನಿಟರ್‌ನಲ್ಲಿ ಕಾಣೋದು ಒಂದೇ ಬೂದು.

ಸಿಮ್ಯುಲೇಟರ್ ಅನ್ನೋದು ಹುಟ್ಟಿದ್ದೇ ಕಿಟಕಿ ಮುಚ್ಚಿಕೊಂಡು ಅನ್ನೋದನ್ನ ನಾವು ಮರೆತಿದ್ದೀವಿ. ಅಮೆರಿಕದ ಬಿಂಗ್‌ಹ್ಯಾಮ್ಟನ್‌ನಲ್ಲಿ ಎಡ್ವಿನ್ ಲಿಂಕ್ ಅಂತ ಒಬ್ಬ ಇದ್ದ. ಅಪ್ಪನದು ಪಿಯಾನೋ, ಆರ್ಗನ್ ತಯಾರಿಸೋ ಕಾರ್ಖಾನೆ. ಹಾರೋದು ಕಲಿಯೋಕೆ ಆಗಲೂ ವಿಪರೀತ ಖರ್ಚು. ಆತ ಅಪ್ಪನ ಕಾರ್ಖಾನೆಯ ತಿದಿ, ಗಾಳಿ ಪಂಪು ಇಟ್ಟುಕೊಂಡು 1929ರ ಹೊತ್ತಿಗೆ ಅಲ್ಲಾಡೋ ಒಂದು ಪೆಟ್ಟಿಗೆ ಮಾಡಿದ. ಮೊದಮೊದಲು ಅದು ಮನರಂಜನಾ ಪಾರ್ಕುಗಳ ಆಟಿಕೆಯಾಗಿತ್ತು. 1934ರಲ್ಲಿ ಅಮೆರಿಕದ ಸೇನೆ ವಿಮಾನದಲ್ಲಿ ಅಂಚೆ ಸಾಗಿಸೋಕೆ ಹೋಗಿ, ಕೆಟ್ಟ ಹವೆಯಲ್ಲಿ ಪೈಲಟ್‌ಗಳನ್ನ ಕಳಕೊಂಡ ಮೇಲೆ ಈತನಿಂದ ಆರು ಪೆಟ್ಟಿಗೆ ಕೊಂಡಿತು. ಒಳಗೆ ಕೂತು ಮೇಲೆ ಮುಚ್ಚಳ ಹಾಕಿಕೊಂಡರೆ ಹೊರಗಿನದು ಏನೂ ಕಾಣಲ್ಲ. ಮುಳ್ಳುಗಳು, ಕೈ, ಕಾಲು, ಅಷ್ಟೇ. ಎರಡನೇ ಮಹಾಯುದ್ಧದ ಹೊತ್ತಿಗೆ ಲಕ್ಷಗಟ್ಟಲೆ ಜನ ಅದರಲ್ಲಿ ಕಲಿತರು. ನನ್ನ ಪ್ರಕಾರ ಕಡಿಮೆ ಬಜೆಟ್ಟಿನ ಕಾಕ್‌ಪಿಟ್ಟಿಗೆ ಇವನೇ ಮೂಲಪುರುಷ.

ಹಾಗಾದರೆ ಕೈಗೆ ಏನು ಬೇಕು? ಸೆಸ್ನಾ 172 ಅನ್ನೇ ತಗೊಳ್ಳೋಣ, ಪೈಲಟ್ ಆಗೋರಲ್ಲಿ ಬಹಳ ಜನ ಕಲಿಯೋದು ಇದರಲ್ಲೇ. ಅದರಲ್ಲಿ ಹಿಡಿಕೆಗೆ ಯೋಕ್ ಅಂತಾರೆ. ಯೋಕ್ ಅಂದ್ರೆ ನಮ್ಮ ನೊಗ, ಹೆಸರೇನೋ ಸರಿಯಾಗೇ ಇಟ್ಟಿದ್ದಾರೆ. ನೊಗವನ್ನ ನಿಮ್ಮ ಕಡೆ ಎಳೆದರೆ ಬಾಲದ ಎಲಿವೇಟರ್ ಮೇಲೇಳುತ್ತೆ, ಮೂಗು ಎತ್ತುತ್ತೆ. ಹೊರಗಿನ ಗಾಳಿ ಆ ಎಲಿವೇಟರ್ ಅನ್ನ ವಾಪಸ್ ತಳ್ಳುತ್ತಾ ಇರೋದರಿಂದ ನಿಮ್ಮ ತೋಳಿಗೆ ಭಾರ. ಹತ್ತು ನಿಮಿಷ ಹಾಗೇ ಹಿಡಿದರೆ ಕೈ ಸೋಲುತ್ತೆ. ಅದಕ್ಕೇ ಪಕ್ಕದಲ್ಲಿ ಟ್ರಿಮ್ ಚಕ್ರ ಇರೋದು. ತಿರುಗಿಸ್ತಾ ಹೋದಂತೆ ಭಾರ ಇಳಿಯುತ್ತೆ, ನೊಗ ಮಾತ್ರ ಇದ್ದಲ್ಲೇ ಇರುತ್ತೆ. ಕೊನೆಗೆ ಕೈ ಬಿಡಬಹುದು. ಅಮೆರಿಕದ ವಿಮಾನಯಾನ ಇಲಾಖೆಯ ಏರ್‌ಪ್ಲೇನ್ ಫ್ಲೈಯಿಂಗ್ ಹ್ಯಾಂಡ್‌ಬುಕ್ ಪುಕ್ಕಟೆ ಸಿಗುತ್ತೆ, ಓದಿ. ಮೊದಲು ನೊಗದಿಂದ ಮೂಗು ಸರಿಮಾಡಿ, ಆಮೇಲೆ ಟ್ರಿಮ್‌ನಿಂದ ಭಾರ ಕಳೀಬೇಕು, ಟ್ರಿಮ್ ತಿರುಗಿಸಿಕೊಂಡೇ ವಿಮಾನ ಓಡಿಸಬಾರದು ಅಂತ ಅದರಲ್ಲಿದೆ.

ಅಂಗಡಿಯಲ್ಲಿ ಸಿಗೋ ಅಗ್ಗದ ಜಾಯ್‌ಸ್ಟಿಕ್, ಯೋಕ್‌ಗಳು ಕಲಿಸೋದು ಇದರ ಉಲ್ಟಾ. ಅವುಗಳ ಸ್ಪ್ರಿಂಗಿಗೆ ಗೊತ್ತಿರೋದು ಒಂದೇ ಜಾಗ, ನಡುಮಧ್ಯ. ನೀವು ಎಳೆದು ಹಿಡಿದು ಟ್ರಿಮ್ ತಿರುಗಿಸಿದರೆ ಭಾರ ಒಂದು ಚೂರೂ ಇಳಿಯಲ್ಲ, ಬದಲಿಗೆ ಮೂಗು ಇನ್ನಷ್ಟು ಏಳುತ್ತೆ. ಅದನ್ನ ತಡೆಯೋಕೆ ಕೋಲನ್ನ ನಿಧಾನಕ್ಕೆ ನಡುವಿಗೆ ಬಿಡಬೇಕು. ಒಂದು ಕೈ ಮಾಡಿದ್ದನ್ನ ಇನ್ನೊಂದು ಕೈ ಕೆಡಿಸ್ತಾ ಇರುತ್ತೆ. ಸ್ವಲ್ಪ ದಿನಕ್ಕೆ ಜನ ಕೋಲನ್ನೇ ಬಿಟ್ಟು ಟ್ರಿಮ್‌ನಲ್ಲೇ ಹಾರಿಸ್ತಾರೆ. ಸಿಪಿಎಲ್‌ಗೆ ಹತ್ತಾರು ಲಕ್ಷ ಸುರಿಯೋಕೆ ಹೊರಟ ಹುಡುಗ, ಅದಕ್ಕೆ ಮೊದಲು ಒಂದು ವರ್ಷ ಮನೆಯಲ್ಲಿ ಹೀಗೆ ಅಭ್ಯಾಸ ಮಾಡಿದ ಅಂತಿಟ್ಕೊಳ್ಳಿ. ಮನೆಯ ಗಂಟೆಗಳು ಲಾಗ್‌ಬುಕ್ಕಿಗಂತೂ ಸೇರಲ್ಲ. ಕೈಗೆ ಸೇರಿದ ಕೆಟ್ಟ ಅಭ್ಯಾಸ ಬಿಡಿಸೋಕೆ ನಿಜವಾದ ವಿಮಾನದಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಡಬೇಕು.

ಇದನ್ನ ಸರಿಮಾಡೋಕೆ ಸಾಫ್ಟ್‌ವೇರ್ ಬೇಕಿಲ್ಲ ಅಂತ ಸಾಫ್ಟ್‌ವೇರ್‌ನವನಾಗಿ ಹೇಳ್ತಾ ಇದ್ದೀನಿ. ನನ್ನ ನೊಗ ಪಿವಿಸಿ ಪೈಪಿನದು. ಅಡುಗೆಮನೆ ಡ್ರಾಯರ್‌ಗೆ ಹಾಕೋ ಚಾನೆಲ್ ಮೇಲೆ ಹಿಂದೆ ಮುಂದೆ ಜಾರುತ್ತೆ. ಎರಡು ಸೈಕಲ್ ಟ್ಯೂಬಿನ ತುಂಡು ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಎಳೀತವೆ. ಕ್ಯಾಟರ್‌ಬಿಲ್ಲು ಮಾಡಿ ಗೊತ್ತಿರೋರಿಗೆ ಟ್ಯೂಬನ್ನ ಎಷ್ಟು ಅಗಲಕ್ಕೆ ಕತ್ತರಿಸಬೇಕು ಅಂತ ಹೇಳಬೇಕಾಗಿಲ್ಲ. ಆ ಟ್ಯೂಬುಗಳ ಇನ್ನೊಂದು ತುದಿಯನ್ನ ಚೌಕಟ್ಟಿಗೆ ಬಿಗೀಬೇಡಿ. ಒಂದು ಸಣ್ಣ ಹಲಗೆಗೆ ಬಿಗಿದು, ಆ ಹಲಗೆಯನ್ನ ಉದ್ದನೆ ಥ್ರೆಡ್ ರಾಡ್‌ನ ನಟ್‌ಗೆ ಕೂರಿಸಿ, ಬಡಗಿಗಳ ವೈಸ್ ಇರುತ್ತಲ್ಲ ಹಾಗೆ. ರಾಡ್‌ನ ತುದಿಗೆ ಚಕ್ರ. ಚಕ್ರ ತಿರುಗಿಸಿದರೆ ಹಲಗೆ ಸರಿಯುತ್ತೆ, ಅದರ ಜೊತೆ ನೊಗದ ನಡುಮಧ್ಯವೂ ಸರಿಯುತ್ತೆ. ನೊಗ ಹಿಡಿದಲ್ಲೇ ಇದ್ದು ಭಾರ ಇಳಿಯುತ್ತೆ. ಈ ಚಕ್ರದಿಂದ ಕಂಪ್ಯೂಟರಿಗೆ ಒಂದು ತಂತಿಯೂ ಇಲ್ಲ! ಸಿಮ್ಯುಲೇಟರಿನ ಟ್ರಿಮ್ ಅನ್ನ ಟೇಕಾಫ್ ಗುರುತಿಗೆ ಇಟ್ಟು ಮರೆತುಬಿಡೋದು. ಪರದೆಯ ಮೇಲಿನ ಟ್ರಿಮ್ ಮುಳ್ಳು ಸುಮ್ಮನೆ ನಿಂತಿರುತ್ತೆ, ನಿಲ್ಲಲಿ ಬಿಡಿ.

ಇನ್ನೊಂದು ಕಡೆ ಜಿಪುಣತನ ಮಾಡಬಾರದು. ನೊಗ ಎಷ್ಟು ಸರಿದಿದೆ ಅಂತ ಹೇಳೋ ಪೊಟೆನ್ಷಿಯೋಮೀಟರ್ ಸುಮಾರು 300 ಡಿಗ್ರಿ ತಿರುಗುತ್ತೆ, ಆರ್ಡುಯಿನೋ ಬೋರ್ಡು ಅದನ್ನ 1024 ಮೆಟ್ಟಿಲಾಗಿ ಓದುತ್ತೆ. ನಿಮ್ಮ ಸನ್ನೆ ಅದನ್ನ 60 ಡಿಗ್ರಿ ಮಾತ್ರ ತಿರುಗಿಸಿದರೆ ಸಿಗೋದು ಸುಮಾರು 200 ಮೆಟ್ಟಿಲು. ಲ್ಯಾಂಡಿಂಗ್ ಹೊತ್ತಿಗೆ ಮೂಗು ಮೆಟ್ಟಿಲು ಇಳಿದ ಹಾಗೆ ಕುಲುಕುತ್ತೆ. ಹಲ್ಲಿನ ಚಕ್ರ ಹಾಕಿ ಪೂರ್ತಿ ತಿರುಗಿಸಬೇಕು, ಇಲ್ಲವೇ ಆಯಸ್ಕಾಂತದ ಹಾಲ್ ಸೆನ್ಸರ್ ಹಾಕಬೇಕು. ಅದಕ್ಕೆ ಸವೆತವೂ ಇಲ್ಲ. ಎಸ್.ಪಿ. ರಸ್ತೆಯಲ್ಲಿ ಎರಡೂ ಸಿಗುತ್ತವೆ. ಕಂಪ್ಯೂಟರ್, ಮಾನಿಟರ್ ಬಿಟ್ಟು ನನಗೆ ಒಟ್ಟು ಆದದ್ದು ಸುಮಾರು 6,500 ರೂಪಾಯಿ.

ಹಾರಿಸೋಕೆ ಬಳಸೋದು ಫ್ಲೈಟ್‌ಗೇರ್, 1997ರಿಂದ ಪುಕ್ಕಟೆ ಸಿಗ್ತಾ ಇದೆ. ನೋಡೋಕೆ ಬಡಪಾಯಿ. ಮರಗಳು ಕಾರ್ಡ್‌ಬೋರ್ಡಿನವು, ನಮ್ಮೂರ ಕೆರೆ ಅದರಲ್ಲಿ ಇದೆಯೋ ಇಲ್ಲವೋ. ಆದರೆ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ. ವೇಗ, ಎತ್ತರ, ಎಂಜಿನ್ ಸುತ್ತು ಪ್ರತಿಯೊಂದನ್ನೂ ಹೊರಗಿನಿಂದ ಓದಬಹುದು, ಬರೆಯಬಹುದು, ಏನನ್ನೂ ಬಚ್ಚಿಡಲ್ಲ. ಊರು ನೋಡೋಕೆ ಮನಸ್ಸಾದ ಭಾನುವಾರ ಮೈಕ್ರೋಸಾಫ್ಟಿನದು, ಮಿಕ್ಕ ದಿನ ಇದು.

ಟ್ಯೂಬಿಗೂ ಒಂದು ಮಿತಿ ಇದೆ. ನಿಜವಾದ ಸೆಸ್ನಾದಲ್ಲಿ ವೇಗ ಇಳಿದಂತೆ ನೊಗ ಸಡಿಲ ಆಗ್ತಾ ಬರುತ್ತೆ. ಸ್ಟಾಲ್ ಆಗೋ ಮುಂಚೆ ಕೈಗೆ ಸಿಗೋ ಸೂಚನೆಗಳಲ್ಲಿ ಅದೂ ಒಂದು. ಟ್ಯೂಬಿಗೆ ವೇಗ ಎಲ್ಲಿ ಗೊತ್ತಾಗಬೇಕು, ಅದು 40 ನಾಟ್‌ನಲ್ಲೂ 110ರಲ್ಲೂ ಒಂದೇ ಥರ ಎಳೆಯುತ್ತೆ. ಅದನ್ನ ಸರಿಮಾಡೋಕೆ ಮೋಟರ್ ಬೇಕು, ಡ್ರೈವರ್ ಬೋರ್ಡು ಬೇಕು, ಗಟ್ಟಿ ಚೌಕಟ್ಟು ಬೇಕು. ಕಾರಿನ ವೈಪರ್ ಮೋಟರ್ ಒಂದು ಗುಜರಿಯಿಂದ ತಂದು ಇಟ್ಟಿದ್ದೀನಿ. ಸದ್ಯ ಅದು ಮಂಚದ ಕೆಳಗಿದೆ.