ಆರು ಸಾಲಿನ ಚೀಟಿಗೆ ಒಂದು ಟೀಕು

ಕಂಪ್ಯೂಟರಿನ ಡಬ್ಬಿಯ ನೆತ್ತಿಗೆ ಟೇಪಿನಿಂದ ಅಂಟಿಸಿದ ಒಂದು ಚೀಟಿ. ಕಳಿಸಿದವರು ಆದೋನಿಯ ಒಂದು ಹತ್ತಿ ದಲಾಲಿ ಅಂಗಡಿಯ ಗುಮಾಸ್ತರು. ಮಾತು ಕನ್ನಡ, ಅಕ್ಷರ ತೆಲುಗು. ನಮ್ಮ ಸೀಮೆಯಲ್ಲಿ ಇದೇನೂ ಸೋಜಿಗವಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಮನೆಮಾತು ಇದ್ದಲ್ಲೇ ಇತ್ತು, ಬಹಳ ಮಕ್ಕಳಿಗೆ ಶಾಲೆಯ ಅಕ್ಷರ ಬದಲಾಯಿತು. ಹೊಳಗುಂದ, ಕೌತಾಳಂ, ಕೋಸಗಿ ಕಡೆಯವರು ತಲೆಕಟ್ಟಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳದೆ ಹೀಗೆ ಬರೆಯುತ್ತಾರೆ, ನಾವೂ ಹಾಗೇ ಓದುತ್ತೇವೆ.

ಚೀಟಿಯಲ್ಲಿ ಆರು ಸಾಲು. ರಿಪೇರಿಯವರು ಸಾಮಾನ್ಯವಾಗಿ ಚೀಟಿ ಕಿತ್ತು ಬುಟ್ಟಿಗೆ ಹಾಕಿ ಸ್ಕ್ರೂಡ್ರೈವರ್ ಹಿಡಿಯುತ್ತಾರೆ. ನಾನೂ ಹಿಡಿಯುತ್ತಿದ್ದೆ. ಈಗ ಮೊದಲು ಚೀಟಿ ಓದುತ್ತೇನೆ, ಎರಡು ಸಲ.

“ಸಿಪಿಯು ಸತ್ತೈತಿ.”

ಸಿಪಿಯು ಎಂದರೆ ಇಲ್ಲಿ ಇಡೀ ಡಬ್ಬಿ. ಊರೆಲ್ಲ ಹಾಗೇ ಕರೆಯುತ್ತದೆ, ತಿದ್ದಲು ಹೋಗಬಾರದು. ನಿಜವಾದ ಸಿಪಿಯು ಅಂಗೈಯಲ್ಲಿ ಅಡಗುವ ಚೌಕ ಚಿಪ್ಪು, ಮದರ್‌ಬೋರ್ಡಿನ ಮೇಲೆ ಫ್ಯಾನಿನ ಅಡಿ ಕೂತಿರುತ್ತದೆ. ನನ್ನ ಮೇಜಿಗೆ ಬಂದ ಡಬ್ಬಿಗಳಲ್ಲಿ ಆ ಚಿಪ್ಪೇ ಸತ್ತದ್ದು ತೀರ ಅಪರೂಪ.

ಕಷ್ಟ ಇರುವುದು “ಸತ್ತೈತಿ” ಎಂಬ ಮಾತಿನಲ್ಲಿ. ಬಟನ್ ಒತ್ತಿದರೆ ಒಂದು ದೀಪವೂ ಹತ್ತದಿದ್ದರೂ ಸತ್ತೈತಿ. ಫ್ಯಾನು ಅರೆಸುತ್ತು ತಿರುಗಿ ನಿಂತರೂ ಸತ್ತೈತಿ. ಕಂಪನಿಯ ಹೆಸರು ಮೂಡಿ ಅಲ್ಲೇ ಕಲ್ಲಾದರೂ ಸತ್ತೈತಿ, ವಿಂಡೋಸ್ ಬಾಗಿಲ ತನಕ ಹೋಗಿ ಹಿಂದಕ್ಕೆ ಓಡಿ ಬಂದರೂ ಸತ್ತೈತಿ. ಮೊದಲನೆಯದು ಕರೆಂಟಿನ ದಾರಿಯ ತೊಂದರೆ, ಕೊನೆಯದು ಹಾರ್ಡ್ ಡಿಸ್ಕಿನದೋ ವಿಂಡೋಸಿನದೋ. ನಡುವಿನವು ಬೋರ್ಡು, ರ್‍ಯಾಮು, ಶಾಖ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಆದ್ದರಿಂದ ಈ ಸಾಲನ್ನು ಸದ್ಯಕ್ಕೆ ನಂಬದೆ ಮುಂದಿನದಕ್ಕೆ ಹೋಗುವುದು ಲೇಸು.

“ನಿನ್ನಿ ಸಂಜಿಕ ಕರೆಂಟ್ ಹೋಗಿ ಬಂತು.”

ನಿಜವೇ. ಕರೆಂಟು ಹೋಗುವುದಕ್ಕಿಂತ ಬರುವಾಗ ಏರಿಳಿದು ಬರುವುದು ಕೆಟ್ಟದ್ದು, ಅದರ ಪೆಟ್ಟು ಮೊದಲು ಬೀಳುವುದು ಎಸ್‌ಎಂಪಿಎಸ್ ಮೇಲೆ. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟುಗಳಾಗಿ ಇಳಿಸಿ ಬೋರ್ಡಿಗೆ ಕೊಡುವ ತಗಡಿನ ಪೆಟ್ಟಿಗೆ ಅದು. ಅದರ ಪರೀಕ್ಷೆ ಸರಳ. 24 ಪಿನ್ನಿನ ದೊಡ್ಡ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ, ಹಸಿರು ವೈರನ್ನೂ ಕಪ್ಪು ವೈರನ್ನೂ ಒಂದು ತುಂಡು ತಂತಿಯಿಂದ ಸೇರಿಸಿದರೆ ಎಸ್‌ಎಂಪಿಎಸ್‌ನ ಫ್ಯಾನು ತಿರುಗಬೇಕು. ತಿರುಗಿತೆಂದು ಪಾಸು ಮಾಡಿಬಿಡಬಾರದು, ಹಳದಿ ವೈರಿಗೆ ಮೀಟರ್ ಹಿಡಿದು 12 ವೋಲ್ಟ್ ಇದೆಯೇ ನೋಡಬೇಕು. ಡಬ್ಬಿ ಬಂದ್ ಇದ್ದಾಗಲೂ, ಪ್ಲಗ್ ಚುಚ್ಚಿದ್ದರೆ ನೇರಳೆ ವೈರಿನಲ್ಲಿ 5 ವೋಲ್ಟ್ ಇರುತ್ತದೆ. ಬಟನ್ ಒತ್ತಿದ್ದು ಬೋರ್ಡಿಗೆ ಗೊತ್ತಾಗುವುದೇ ಅದರ ಬಲದಿಂದ. ಅದಿಲ್ಲದಿದ್ದರೆ ಬೇರೇನೂ ಹುಡುಕುವ ಕೆಲಸವಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದಪ್ಪ ಕೆಪಾಸಿಟರು 300 ವೋಲ್ಟ್ ಮೇಲ್ಪಟ್ಟು ಹಿಡಿದುಕೊಂಡು ಕೂತಿರಬಹುದು. ಮುಟ್ಟಿದರೆ ಅಪಾಯ ಜೀವಕ್ಕೇ.

ಆದರೆ ಈ ಸಾಲು ಹೇಳುವುದು ಒಂದು ಘಟನೆ, ಕಾರಣವಲ್ಲ. ನಿನ್ನೆ ಸಂಜೆ ಕರೆಂಟು ಊರಿಗೆಲ್ಲ ಹೋಗಿತ್ತು, ಊರಿನ ಕಂಪ್ಯೂಟರುಗಳೆಲ್ಲ ನನ್ನ ಅಂಗಡಿಗೆ ಬರಲಿಲ್ಲ.

“ಬಟನ್ ಒತ್ತಿದ್ರ ಫ್ಯಾನ್ ತಿರಗ್ತೈತಿ, ಸ್ಕ್ರೀನ್ ಕರ್ರಗೈತಿ.”

ಚೀಟಿಯ ಜೀವ ಈ ಸಾಲಿನಲ್ಲಿದೆ. ಮೊದಲ ಸಾಲನ್ನು ಇದೇ ಸುಳ್ಳು ಮಾಡಿತು. ಫ್ಯಾನು ತಿರುಗುವ ಡಬ್ಬಿ ಸತ್ತಿಲ್ಲ. ಪ್ಲಗ್ಗು, ವೈರು, ಬಟನ್ನು ಎಲ್ಲ ಸರಿಯಿವೆ, ಎಸ್‌ಎಂಪಿಎಸ್ ಕೂಡ ಬಹುಮಟ್ಟಿಗೆ ಸರಿಯಿದೆ. ಒಂದೇ ಸಾಲು ಅರ್ಧ ಹುಡುಕಾಟ ತಪ್ಪಿಸಿತು.

ಇನ್ನು “ಸ್ಕ್ರೀನ್ ಕರ್ರಗೈತಿ”. ಮಾನಿಟರಿನ ಸಣ್ಣ ದೀಪದ ಬಣ್ಣ ಯಾವುದೆಂದು ಗುಮಾಸ್ತರು ಬರೆದಿಲ್ಲ. ದೀಪವೇ ಇಲ್ಲದಿದ್ದರೆ ಮಾನಿಟರಿಗೇ ಕರೆಂಟಿಲ್ಲ. ಕಿತ್ತಳೆ ಬಣ್ಣದಲ್ಲಿ ಮಿಣುಕಿದರೆ ಮಾನಿಟರು ಎಚ್ಚರವಾಗಿದೆ, ಡಬ್ಬಿಯಿಂದ ಚಿತ್ರ ಬರುತ್ತಿಲ್ಲ. ಹಿಂದಿನ ಕೇಬಲ್ ಸಡಿಲವಾಗಿದೆಯೇ? ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲನ್ನು ಅದಕ್ಕೆ ಹಾಕದೆ ಬೋರ್ಡಿನ ಕಿಂಡಿಗೆ ಹಾಕಿದ್ದಾರೆಯೇ? ಇವೆರಡನ್ನು ನೋಡಲು ಅರ್ಧ ನಿಮಿಷ ಸಾಕು. ನೋಡದೆ ಬೋರ್ಡು ಬದಲಿಸಿದವರನ್ನು ನಾನು ಬಲ್ಲೆ.

ಅದಾದ ಮೇಲೆ ಪಕ್ಕದ ತಗಡು ಬಿಚ್ಚಬೇಕು. ನಮ್ಮೂರ ಡಬ್ಬಿ ಬಿಚ್ಚಿದರೆ ಮೊದಲು ಕಾಣುವುದು ಹತ್ತಿ. ಜಿನ್ನಿಂಗ್ ಮಿಲ್ಲಿನ ಆಸುಪಾಸಿನ ಅಂಗಡಿಯದ್ದಾದರಂತೂ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ದೂಳೂ ನಾರೂ ಸೇರಿ ಕಂಬಳಿಯಂತೆ ಹಾಸಿಕೊಂಡಿರುತ್ತವೆ. ಉಗುರಿನಿಂದ ಎತ್ತಿದರೆ ಇಡಿಯಾಗಿ ಎದ್ದು ಬರುತ್ತದೆ. ಆ ಕಂಬಳಿ ಬೇಸಿಗೆಯಲ್ಲಿ ಚಿಪ್ಪಿನ ಶಾಖವನ್ನು ಹೊರಗೆ ಬಿಡುವುದಿಲ್ಲ, ಡಬ್ಬಿ ಚಾಲೂ ಆಗಿ ಸ್ವಲ್ಪ ಹೊತ್ತಿಗೆ ತಾನೇ ಬಂದ್ ಆಗುತ್ತದೆ. ಮಳೆಗಾಲದಲ್ಲಿ ಅದರದು ಬೇರೆ ಕಾಟ, ಹತ್ತಿ ತೇವ ಹೀರುತ್ತದೆ. ಸರಕಾರದ ಹತ್ತಿ ನಿಗಮ (ಸಿಸಿಐ) ಹತ್ತಿ ಕೊಳ್ಳುವಾಗ ಮೀಟರ್ ಚುಚ್ಚಿ ತೇವ ನೋಡಿ, ಶೇ. 12 ಮೀರಿದರೆ ತೆಗೆದುಕೊಳ್ಳುವುದಿಲ್ಲ ಎಂಬುದು ಮಾರ್ಕೆಟ್ ಯಾರ್ಡಿನ ಹಮಾಲರಿಗೂ ಗೊತ್ತು. ಅದೇ ಹತ್ತಿ ರ್‍ಯಾಮಿನ ಸಂದಿಯಲ್ಲಿ ಸೇರಿದಾಗ ಅಲ್ಲಿಯೂ ತೇವ ಇರುತ್ತದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ತೇವಕ್ಕೆ ಬಂಗಾರದ ಬಣ್ಣದ ಕಾಲುಗಳು ಮಬ್ಬಾಗುತ್ತವೆ, ಸಂಪರ್ಕ ತಪ್ಪುತ್ತದೆ.

ಫ್ಯಾನು ತಿರುಗಿ ಪರದೆ ಕಪ್ಪಾಗಿದ್ದರೆ ಮೊದಲ ಗುಮಾನಿ ರ್‍ಯಾಮಿನ ಮೇಲೆ. ಎರಡನೆಯದು ಚಿಪ್ಪಿನ ಪಕ್ಕದ 4 ಅಥವಾ 8 ಪಿನ್ನಿನ ಪುಟ್ಟ ಕನೆಕ್ಟರಿನ ಮೇಲೆ. ಅದು ಬಿಟ್ಟುಹೋದರೂ ಫ್ಯಾನು ತಿರುಗುತ್ತಲೇ ಇರುತ್ತದೆ, ಚಿಪ್ಪಿಗೆ ಮಾತ್ರ ಅನ್ನವಿಲ್ಲ. ಕೆಪಾಸಿಟರುಗಳ ತಲೆ ಪೂರಿಯಂತೆ ಉಬ್ಬಿದೆಯೇ ಎಂದೂ ನೋಡಿಕೊಳ್ಳಿ. ಈ ಶತಮಾನದ ಮೊದಲ ವರ್ಷಗಳ ಬೋರ್ಡುಗಳಲ್ಲಿ ಆ ರೋಗ ಜಗತ್ತಿನ ತುಂಬ ಹಬ್ಬಿತ್ತು, ಒಳಗಿನ ದ್ರವವೇ ಕೆಟ್ಟದ್ದಾಗಿತ್ತು.

“ಕುಂಯ್ ಕುಂಯ್ ಅಂತೈತಿ.”

ಗುಮಾಸ್ತರು ನಾಲ್ಕನೆಯ ಸಾಲಿಗೆ ದೂಡಿದ ಈ ಮಾತನ್ನು ನಾನಾಗಿದ್ದರೆ ಮೊದಲು ಬರೆಯುತ್ತಿದ್ದೆ. ಡಬ್ಬಿ ಏಳುವಾಗ ತನ್ನ ಅಂಗಾಂಗ ತಾನೇ ಮುಟ್ಟಿ ನೋಡಿಕೊಳ್ಳುತ್ತದೆ, ಅದಕ್ಕೆ ಪೋಸ್ಟ್ ಎಂದು ಹೆಸರು. ಪರದೆ ಇನ್ನೂ ಬಾರದ ಹೊತ್ತಿನಲ್ಲಿ ಏನಾದರೂ ಕೆಟ್ಟಿದ್ದರೆ ಕೂಗಿಯೇ ಹೇಳಬೇಕು. ಈ ಪರೀಕ್ಷೆ ನಡೆಸುವ ಬಯೋಸ್ ಎಂಬ ಪ್ರೋಗ್ರಾಮು ಅವಾರ್ಡ್ ಕಂಪನಿಯದಾದರೆ ಒಂದು ಉದ್ದ, ಎರಡು ಗಿಡ್ಡ ಕೂಗಿದರೆ ಡಿಸ್‌ಪ್ಲೇ. ಉದ್ದುದ್ದ ಒಂದೇ ಸಮನೆ ಕೂಗಿದರೆ ರ್‍ಯಾಮು. ಬೇರೆ ಕಂಪನಿಯ ಬಯೋಸಿಗೆ ಬೇರೆ ಲೆಕ್ಕ. ಈಗಿನ ಎಷ್ಟೋ ಕ್ಯಾಬಿನೆಟ್ಟುಗಳಲ್ಲಿ ಆ ಪುಟ್ಟ ಸ್ಪೀಕರೇ ಇಲ್ಲ, ಮೂಕ ರೋಗಿಗಳು ಬರುತ್ತವೆ.

ಕೂಗು ಗಿಡ್ಡವೋ ಉದ್ದವೋ ಚೀಟಿಯಲ್ಲಿಲ್ಲ. ಫೋನ್ ಮಾಡಿದೆ.

“ಅಣ್ಣಾವ್ರ, ಹೆಂಗ ಕೂಗ್ತೈತಿ, ಒಮ್ಮಿ ಕೂಗಿ ತೋರಸ್ರಿ.”

“ಏ ತಮ್ಮಾ, ಅಂಗಡ್ಯಾಗ ರೈತ್ರು ಕುಂತಾರ.”

“ಸಣ್ಣಗ ಕೂಗ್ರಿ.”

ಆ ಕಡೆಯಿಂದ “ಕುಂಯ್ಞ್…” ಎಂದು ಉಸಿರು ಹಿಡಿದ ಉದ್ದ ಸ್ವರ, ಬಿಟ್ಟು ಮತ್ತೊಂದು, ಬಿಟ್ಟು ಮತ್ತೊಂದು. ಹಿಂದೆ ಯಾರೋ ನಕ್ಕರು. ಮೇಜಿನ ಮೇಲೆ ಡಬ್ಬಿ ಹಚ್ಚಿ ಕೇಳಿದೆ, ಅದೇ ರಾಗ. ರ್‍ಯಾಮು.

“ಯಾರೂ ಮುಟ್ಟಿಲ್ಲ.”

ನಾನು ನೋಡಿದ ಎಲ್ಲ ಚೀಟಿಗಳಲ್ಲೂ ಈ ಸಾಲು ಇದೆ. ಬರೆದವರು ಸುಳ್ಳು ಹೇಳುತ್ತಾರೆಂದಲ್ಲ. ಅವರ ಲೆಕ್ಕದಲ್ಲಿ ಮುಟ್ಟುವುದೆಂದರೆ ಕೆಡಿಸುವುದು. ಒರೆಸಿದ್ದು, ಸರಿಸಿದ್ದು, ಕೈಮುಗಿದದ್ದು ಅದರಲ್ಲಿ ಸೇರುವುದಿಲ್ಲ.

ಈ ಡಬ್ಬಿಯ ಹಣೆಗೆ ಮಾತ್ರ ಅರಿಸಿನ ಕುಂಕುಮ ಇನ್ನೂ ಹಸಿಯಾಗಿಯೇ ಇತ್ತು. ಆಯುಧಪೂಜೆ ಮುಗಿದು ಎರಡು ದಿನ. ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ ಆದಂತೆ ಇದಕ್ಕೂ ಪೂಜೆಯಾಗಿದೆ. ಪೂಜೆಗೆ ಮೊದಲು ಅಂಗಡಿಯ ಹುಡುಗ ಭಕ್ತಿಯಿಂದಲೇ ತಗಡು ಬಿಚ್ಚಿ, ಬ್ರಷ್ಷಿನಿಂದ ದೂಳು ಕೊಡವಿದ್ದಾನೆ. ಈ ಒಂದು ಡಬ್ಬಿಯಲ್ಲಿ ಹತ್ತಿ ಕಂಬಳಿ ಇರಲಿಲ್ಲ, ಅದೇ ಸಾಕ್ಷಿ. ಬ್ರಷ್ಷು ತಾಗಿ ರ್‍ಯಾಮಿನ ಒಂದು ಕಡೆಯ ಬಿಳಿ ಕ್ಲಿಪ್ಪು ಬಿಚ್ಚಿಕೊಂಡಿತ್ತು, ಕಡ್ಡಿ ಒಂದು ಕೂದಲಷ್ಟು ಮೇಲೆದ್ದಿತ್ತು. ಹಬ್ಬಕ್ಕೆ ಅಂಗಡಿ ಮುಚ್ಚಿತ್ತು, ಕರೆಂಟು ಹೋಗಿ ಬಂದ ಮರುದಿನ ಬಟನ್ ಒತ್ತಿದರು, ಅಪವಾದ ಕರೆಂಟಿಗೆ ಹೋಯಿತು.

ಪ್ಲಗ್ ಕಿತ್ತು, ಬರಿ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಂಡು ರ್‍ಯಾಮ್ ಕಡ್ಡಿ ಹೊರತೆಗೆದೆ. ಮಕ್ಕಳ ಬಿಳಿ ರಬ್ಬರಿನಿಂದ ಕಾಲುಗಳನ್ನು ಮೆತ್ತಗೆ ಉಜ್ಜಿ, ಪುಡಿ ಊದಿ, ಸಂದಿಗೆ ನೇರ ಹಿಡಿದು ಎರಡು ಹೆಬ್ಬೆರಳಿನಿಂದ ಒತ್ತಿದೆ. ಎರಡೂ ಕ್ಲಿಪ್ಪು ಟಕ್ ಎಂದವು. ಬಟನ್ ಒತ್ತಿದರೆ ಒಂದೇ ಗಿಡ್ಡ ಕೂಗು, ಪರದೆ ಬಂತು. ತಾರೀಖು ಮಾತ್ರ ವರ್ಷಗಳಷ್ಟು ಹಿಂದಿನದು. ಬೋರ್ಡಿನ ಮೇಲಿನ ನಾಣ್ಯದಂಥ 3 ವೋಲ್ಟಿನ ಸೆಲ್ಲು, ಸಿಆರ್2032, ಮುಗಿದಿತ್ತು. ಅದನ್ನೂ ಬದಲಿಸಿದೆ.

“ಲೆಕ್ಕ ಎಲ್ಲ ಅದರಾಗೈತಿ, ಹೋಗಬಾರ್ದು.”

ಗುಮಾಸ್ತರ ನಿಜವಾದ ದೂರು ಇದೇ. ಮೇಲಿನ ಐದು ಸಾಲು ಇದಕ್ಕೆ ಪೀಠಿಕೆ. ಲೆಕ್ಕ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಬೋರ್ಡು ಸುಟ್ಟರೂ, ಎಸ್‌ಎಂಪಿಎಸ್ ಸತ್ತರೂ ಸಾಮಾನ್ಯವಾಗಿ ಅದು ಹಾಗೇ ಇರುತ್ತದೆ, ಬೇರೆ ಡಬ್ಬಿಗೆ ಹಚ್ಚಿ ಟ್ಯಾಲಿ ಫೋಲ್ಡರು ತೆಗೆಯಬಹುದು. ಹೆದರಬೇಕಾದದ್ದು ಡಿಸ್ಕೇ ಟಕ್ ಟಕ್ ಎಂದು ಕುಟ್ಟತೊಡಗಿದಾಗ. ಆಗ ಮತ್ತೆ ಮತ್ತೆ ಬಟನ್ ಒತ್ತದೆ ಅಲ್ಲಿಗೇ ಬಂದ್ ಮಾಡಬೇಕು. ಇನ್ನು ವಿಂಡೋಸ್ ಹೊಸದಾಗಿ ಹಾಕಿಕೊಡುತ್ತೇನೆ ಎನ್ನುವವರಿಗೆ ಲೆಕ್ಕದ ಕಾಪಿ ತೆಗೆದಿಟ್ಟುಕೊಳ್ಳದೆ ಹೂಂ ಅನ್ನಬೇಡಿ.

ನಿಮ್ಮ ಡಬ್ಬಿಯೂ ಒಂದು ದಿನ ಏಳದೆ ಕೂತರೆ ಚೀಟಿ ಬರೆದೇ ಕಳಿಸಿ, ಯಾವ ಅಕ್ಷರದಲ್ಲಾದರೂ ಸರಿ. “ಯಾರೂ ಮುಟ್ಟಿಲ್ಲ” ಎಂಬ ಸಾಲಿನ ಜಾಗದಲ್ಲಿ ಎರಡು ಸಂಗತಿ ಇರಲಿ: ಕೊನೆಯ ಸಲ ಸರಿಯಾಗಿ ನಡೆದದ್ದು ಯಾವಾಗ, ಆಮೇಲೆ ಅದನ್ನು ಯಾರು ಒರೆಸಿದರು.