ಬಿಳಿ ನಾಲ್ಕರ ಕಲ್ಯಾಣಿ

ಪಾಶ್ಚಾತ್ಯರ ಲಿಡಿಯನ್ ಕ್ರಮವೂ ನಮ್ಮ ಕಲ್ಯಾಣಿಯೂ ಒಂದೇ ಎಂಬ ಮಾತು ಸಂಗೀತದ ಕೈಪಿಡಿಗಳಲ್ಲಿ ಧಾರಾಳವಾಗಿ ದೊರೆಯುತ್ತದೆ. ಸ್ವರಸ್ಥಾನಗಳ ಮಟ್ಟಿಗೆ ಇದು ನಿಜವೇ ಸರಿ. ಶಂಕರಾಭರಣದ ಶುದ್ಧಮಧ್ಯಮವನ್ನು ತೆಗೆದು ಪ್ರತಿಮಧ್ಯಮವನ್ನಿಟ್ಟರೆ 65ನೆಯ ಮೇಳವಾದ ಮೇಚಕಲ್ಯಾಣಿ. ಲಿಡಿಯನ್ನಿನ ಏಳು ಸ್ವರಗಳೂ ಅವೇ. ಆದರೆ ಈ ಸಮೀಕರಣವನ್ನೇ ಪಾಠವೆಂದು ಬಗೆದು ಮಕ್ಕಳ ಮುಂದೆ ಪಿಯಾನೋವನ್ನೋ ಹಾರ್ಮೋನಿಯಮನ್ನೋ ತೆರೆದಿಡುವವರೊಡನೆ ನಮಗೆ ಕೊಂಚ ಜಗಳವಿದೆ.

ಕಾರಡ್ಕದ ಕಡೆಯ ವಾಚಕರಿಗೆ ಮನೆಗಳ ಲೆಕ್ಕವನ್ನು ವಿವರಿಸಬೇಕಾದುದಿಲ್ಲ. ಭಾಗವತರ ಶ್ರುತಿ ಕಪ್ಪು ಎರಡೋ ಮೂರೋ ಎಂಬ ಚರ್ಚೆಯನ್ನು ಕೇಳುತ್ತಲೇ ಬೆಳೆದವರು ನಾವು. ಆ ಲೆಕ್ಕದಲ್ಲಿ, ಷಡ್ಜವನ್ನು ಬಿಳಿ ಒಂದರಲ್ಲಿಟ್ಟರೆ ಕಲ್ಯಾಣಿಯ ಮಧ್ಯಮ ಕಪ್ಪು ಮೂರಕ್ಕೆ ಬರುತ್ತದೆ, ಉಳಿದವೆಲ್ಲ ಬಿಳಿ. ಷಡ್ಜವನ್ನೇ ಬಿಳಿ ನಾಲ್ಕಕ್ಕೆ ಸರಿಸಿದರೆ ಕಪ್ಪನ್ನು ಮುಟ್ಟುವ ಅಗತ್ಯವೇ ಇಲ್ಲ, ಬಿಳಿ ಏಳು ತಾನಾಗಿ ಪ್ರತಿಮಧ್ಯಮವಾಗುತ್ತದೆ. ನಮ್ಮವರು ಗ್ರಹಭೇದವೆನ್ನುವುದು ಇದನ್ನೇ.

ತೊಡಕು ಇಲ್ಲಿಂದ ಮುಂದೆ. ಬಿಳಿ ನಾಲ್ಕರಿಂದ ಮೇಲಿನ ಬಿಳಿ ನಾಲ್ಕರವರೆಗೆ ಸುಮ್ಮನೆ ಬೆರಳಾಡಿಸಿ ನೋಡಿ. ಕಿವಿ ಬಿಳಿ ಒಂದನ್ನೇ ಷಡ್ಜವೆಂದು ಹಿಡಿಯುತ್ತದೆ. ಕಲ್ಯಾಣಿಯೆಂದು ಹೊರಟದ್ದು ಶಂಕರಾಭರಣದ ನಡುವಿನ ಒಂದು ತುಂಡಾಗಿ ಬಿಡುತ್ತದೆ. ಬೆರಳು ತಪ್ಪಿಲ್ಲ, ಆಧಾರ ತಪ್ಪಿದೆ. ಎಡಗೈ ಬಿಳಿ ನಾಲ್ಕನ್ನೂ ಅದರ ಪಂಚಮವಾದ ಮೇಲಿನ ಬಿಳಿ ಒಂದನ್ನೂ ಹಿಡಿದು ನಿಂತಾಗ ಮಾತ್ರ ಬಿಳಿ ಏಳು ಮಧ್ಯಮದ ತೀಕ್ಷ್ಣತೆಯನ್ನು ಪಡೆಯುತ್ತದೆ. ಪಿಯಾನೋದ ನಾದ ಬೇಗನೆ ಅಳಿಯುವುದರಿಂದ ಆಧಾರವನ್ನು ಮತ್ತೆ ಮತ್ತೆ ಮೀಟಬೇಕು. ಹಾರ್ಮೋನಿಯಮಿನಲ್ಲಿ ನಾದ ನಿಲ್ಲುತ್ತದೆ, ಆದರೆ ಎಡಗೈ ತಿದಿಗೆ ಮೀಸಲು. ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಇರಲೇಬೇಕು.

ಈ ಜಾರಿಕೆ ನಮ್ಮ ಮಕ್ಕಳದ್ದಷ್ಟೇ ಅಲ್ಲ. ಯೂರೋಪಿನ ಮಧ್ಯಯುಗದ ಗಾಯಕರೂ ಈ ಮಧ್ಯಮದ ಕಾಠಿಣ್ಯಕ್ಕೆ ಅಂಜಿ ಅದನ್ನು ಎಷ್ಟೋ ಕಡೆ ಅರ್ಧಸ್ವರ ಇಳಿಸಿ ಹಾಡಿದರು. ಹಾಗೆ ಇಳಿಸಿದೊಡನೆ ಅದು ಶಂಕರಾಭರಣವೇ. ಬೀಥೋವನ್ 1825ರಲ್ಲಿ, ಬೇನೆಯಿಂದ ಚೇತರಿಸಿಕೊಂಡ ಮೇಲೆ, ತನ್ನ 132ನೆಯ ಕೃತಿಯ ಮೂರನೆಯ ಭಾಗವನ್ನು ಲಿಡಿಯನ್ ಕ್ರಮದ್ದೆಂದೇ ಹೆಸರಿಸಿ ಬರೆದನು. ಅದನ್ನು ಕೇಳುವಾಗಲೂ ನಮ್ಮ ಕಿವಿ ಬಿಳಿ ಒಂದರತ್ತ ವಾಲುತ್ತದೆಂದು ಒಪ್ಪಿಕೊಳ್ಳಬೇಕು.

ಇನ್ನು ರಾಗದ ಮಾತು. ಕಲ್ಯಾಣಿ ಷಡ್ಜ ಪಂಚಮಗಳನ್ನು ಬಿಟ್ಟು ಸಂಚರಿಸುವುದರಲ್ಲಿ ಸೊಗಸು ಕಾಣುವ ರಾಗ. ಆಧಾರಶ್ರುತಿ ಕಿವಿಯಲ್ಲಿಲ್ಲದವನಿಗೆ ಆ ಸೊಗಸು ದಕ್ಕದು. ಅದರ ಸ್ವರಗಳು ಕಂಪಿತದಿಂದ ಜೀವಿಸುತ್ತವೆ. ಒತ್ತಿದ ಮನೆ ಅಲುಗಾಡದು. ಸಾಲದುದಕ್ಕೆ, ಸಮಭಾಗಮಾಡಿದ ಈ ಮನೆಗಳಲ್ಲಿ ಗಾಂಧಾರವು ಸಹಜಸ್ಥಾನಕ್ಕಿಂತ ಅರ್ಧಸ್ವರದ ಸುಮಾರು ಏಳನೆಯ ಒಂದಂಶದಷ್ಟು ಮೇಲಿದೆ. ಇಂತಹ ಕಾರಣಗಳಿಗಾಗಿಯೇ 1940ರಲ್ಲಿ ರೇಡಿಯೋದವರು ಹಾರ್ಮೋನಿಯಮನ್ನು ಹೊರಗಿಟ್ಟರು. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಆ ಬಹಿಷ್ಕಾರ ಅತಿಯಾಯಿತೆಂದೇ ನಮ್ಮ ಅಭಿಪ್ರಾಯ. ತಂಬೂರಿಯಿಲ್ಲದ ಹಳ್ಳಿಯ ಶಾಲೆಯಲ್ಲಿ ಸ್ವರಸ್ಥಾನವನ್ನು ಕಣ್ಣಿಗೆ ಕಾಣುವಂತೆ ತೋರಿಸಲು ಇದಕ್ಕಿಂತ ಅಗ್ಗದ ಸಾಧನ ಎಲ್ಲಿದೆ?

ಆದುದರಿಂದ ನಮ್ಮ ತಕರಾರು ಪೆಟ್ಟಿಗೆಯ ಮೇಲಲ್ಲ, ಪಾಠದ ಅನುಕ್ರಮದ ಮೇಲೆ. ಮೊದಲು ಶ್ರುತಿ ಹಿಡಿದು ಮಕ್ಕಳಿಂದ ಎರಡು ಮಧ್ಯಮಗಳನ್ನೂ ಬಾಯಲ್ಲಿ ಹಾಡಿಸಬೇಕು. ತಾವು ಹಾಡಿದ್ದು ಯಾವ ಮನೆಯಲ್ಲಿದೆಯೆಂದು ಅವರೇ ಹುಡುಕಲಿ. ಬಿಳಿ ಏಳನ್ನು ಒತ್ತಿ, ತಲೆಯಾಡಿಸಿ, ‘ಇದೇ’ ಎಂದ ಮಗುವಿಗೆ ಲಿಡಿಯನ್ ಎಂಬ ಹೆಸರನ್ನು ಆಮೇಲೆ ಹೇಳಿದರಾಯಿತು.